ಲಿಂಕ್ ಕಳಿಸಿದ್ರ ಫೋಟೋ ಬರವಲ್ದು, ಯಾಕ?

ಪ್ರಶ್ನೆ: ಸರ್ ನಮಸ್ಕಾರ, ನಮ್ದು ಕಲಬುರಗಿದಾಗ ತೊಗರಿ ಬ್ಯಾಳಿ ವ್ಯಾಪಾರ ಅದ. ರೊಕ್ಕ ಕೊಟ್ಟು ವೆಬ್‌ಸೈಟ್ ಮಾಡಿಸೀವಿ, ಆದ್ರ ವಾಟ್ಸಾಪಿನ್ಯಾಗ ಲಿಂಕ್ ಕಳಿಸಿದ್ರ ಫೋಟೋ ಬರವಲ್ದು, ಬರೇ ‘ಹೋಮ್’ ಅಂತ ಬರ್ತದ. ಗೂಗಲ್‌ನ್ಯಾಗೂ ಹಂಗೇ. ಮಾಡಿಕೊಟ್ಟ ಹುಡುಗ ಎಲ್ಲಾ ಸರಿ ಅದ ಅಂತಾನ. ಏನ್ ಮಾಡ್ಬೇಕ್ರಿ?
– ಓದುಗರು, ಕಲಬುರಗಿ

ಉತ್ತರ: ಕಣ್ಣಿಗೆ ಕಾಣೋ ಪೇಜ್ ಸರಿ ಇರಬಹುದ್ರಿ, ಆದ್ರ ಗಿರಾಕಿಗೆ ಕಾಣದ ಭಾಗ ಒಂದು ಇರ್ತದ, ಹೆಡ್ ಅಂತಾರ, ಗೂಗಲ್ ವಾಟ್ಸಾಪ್ ಎಲ್ಲಾ ಮೊದಲ ಓದೋದು ಅದನ್ನೇ, ಅದನ್ನ ಆತ ಹಂಗೇ ಬಿಟ್ಟಾನ. ಕಂಪ್ಯೂಟರ್‌ನ್ಯಾಗ ಪೇಜ್ ತೆಗೆದು ಕಂಟ್ರೋಲ್ ಹಿಡ್ದು ಯು ಒತ್ರಿ, ಕೋಡ್ ಬರ್ತದ, ಮ್ಯಾಲಿನ ಸಾಲಿನ್ಯಾಗ ಟೈಟಲ್ ಅಂತ ಹುಡುಕ್ರಿ. ಅಲ್ಲೇ ‘ಹೋಮ್’ ಅಂತ ಕುಂತಿರ್ತದ. ಇಲ್ಲಿ ಬರೇ ನೋಡಬಹುದು, ಬದಲು ಮಾಡಂಗಿಲ್ಲ, ಅದಕ್ಕ ಹುಡುಗನಿಗೆ ಹೇಳಿ ಅದನ್ನ ತೆಗೆಸಿ ‘ಕಲಬುರಗಿ ತೊಗರಿ ಬೇಳೆ’ ಮತ್ತ ನಿಮ್ಮ ಅಂಗಡಿ ಹೆಸ್ರು ಹಾಕ್ಸಿರಿ. ರೇಟಿನ ಪೇಜಿಗೆ ಬ್ಯಾರೆ ಟೈಟಲ್, ವಿಳಾಸದ ಪೇಜಿಗೆ ಬ್ಯಾರೆ, ಎಲ್ಲಾದಕ್ಕೂ ಒಂದೇ ಇಡಬ್ಯಾಡ್ರಿ.

ಆಮ್ಯಾಲೆ ಮೆಟಾ ಡಿಸ್ಕ್ರಿಪ್ಶನ್, ಅಂದ್ರ ಹೆಡ್ ಒಳಗೇ ಬರೆಯೋ ಪೇಜಿನ ಸಣ್ಣ ಪರಿಚಯ. ಗೂಗಲ್‌ನ್ಯಾಗ ಹೆಸರಿನ ಕೆಳಗ ಸಣ್ಣ ಅಕ್ಷರದಾಗ ಬರ್ತದಲ್ರಿ, ಅದಕ್ಕ ಇದು ಬೇಕು. ಗೂಗಲ್ ಪ್ರತಿ ಸಲ ಇದನ್ನೇ ತೋರಸ್ತದ ಅಂತಲ್ಲ, ಒಮ್ಮೊಮ್ಮೆ ಪೇಜಿನೊಳಗಿಂದೇ ಎರಡು ಸಾಲು ಎತ್ಕೋತದ, ಆದ್ರೂ ಬರೀರಿ, ಮತ್ತ ನೀವೇ ಬರೀರಿ, ಆ ಹುಡುಗನಿಗೆ ಬಿಡಬ್ಯಾಡ್ರಿ. ಯಾವ ಬ್ಯಾಳಿ, ಎಷ್ಟು ಕಿಲೋದ ಪ್ಯಾಕ್, ಊರಿನ ಹೊರಗ ಕಳಿಸ್ತೀರೋ ಇಲ್ಲೋ, ಇಷ್ಟು ಗಿರಾಕಿಗೆ ಗೊತ್ತಾದ್ರ ಆತ ಒತ್ತತಾನ. ಇನ್ನೊಂದು, ಊರಿನ ಹೆಸ್ರು 2014ರಾಗ ಕಲಬುರಗಿ ಅಂತ ಆದ್ರೂ ಹೊರಗಿನವರು ಭಾಳ ಮಂದಿ ಇನ್ನೂ ಗುಲ್ಬರ್ಗಾ ಅಂತಾನೇ ಟೈಪ್ ಮಾಡ್ತಾರ, ನಮ್ಮ ಬ್ಯಾಳಿಗೆ ಜಿಐ (ಊರಿನ ಹೆಸರಿನ ಮ್ಯಾಲೆ ಕೊಡೋ ಗುರುತು) ಮಾನ್ಯತೆ ಸಿಕ್ಕಿದ್ದೂ ಗುಲ್ಬರ್ಗಾ ತೂರ್ ದಾಲ್ ಅನ್ನೋ ಹೆಸರಿನ್ಯಾಗೇ, ಅದಕ್ಕ ಡಿಸ್ಕ್ರಿಪ್ಶನ್‌ನ್ಯಾಗೂ ಪೇಜಿನೊಳಗೂ ಎರಡೂ ಹೆಸ್ರು ಬರಲಿ.

ಇನ್ನ ಫೋಟೋ. ಇದು ಓಪನ್ ಗ್ರಾಫ್ (ಸಣ್ಣದಾಗಿ ಓಜಿ) ಟ್ಯಾಗಿನ ಕೆಲಸ, ಟ್ಯಾಗ್ ಅಂದ್ರ ಕೋಡಿನೊಳಗ ಬರೆಯೋ ಗುರುತಿನ ಸಾಲು, ಇದೂ ಹೆಡ್ ಒಳಗೇ ಇರ್ತದ, 2010ರಾಗ ಫೇಸ್‌ಬುಕ್‌ನವರು ತಂದಿದ್ದು, ವಾಟ್ಸಾಪೂ ಇದನ್ನೇ ಓದ್ತದ. ಓಜಿ ಟೈಟಲ್, ಓಜಿ ಡಿಸ್ಕ್ರಿಪ್ಶನ್, ಓಜಿ ಇಮೇಜ್, ಮೂರೂ ಹಾಕ್ಸಿರಿ. ಬ್ಯಾರೆ ಮೆಟಾ ಟ್ಯಾಗಿನ್ಯಾಗ ‘ನೇಮ್’ ಅಂತ ಬರೀತಾರ, ಇದರಾಗ ‘ಪ್ರಾಪರ್ಟಿ’ ಅಂತ ಬರೀಬೇಕು, ಹುಡುಗರು ಇಲ್ಲೇ ಎಡವ್ತಾರ. ಫೋಟೋದ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಹಿಡ್ದು ಪೂರ್ತಿ ಇರಬೇಕು, ಬರೇ ಫೈಲ್ ಹೆಸ್ರು ಕೊಟ್ರ ಆಗಂಗಿಲ್ಲ. ಸೈಜ್ 1200ಕ್ಕ 630 ಪಿಕ್ಸೆಲ್ ಇಟ್ರ ಛಲೋ, ಮೊಬೈಲ್‌ನ್ಯಾಗ ತೆಗೆದ ಭಾರಿ ಎಂಬಿ ಫೋಟೋ ಹಂಗೇ ಹಾಕಬ್ಯಾಡ್ರಿ, ಎಷ್ಟೋ ಸಲ ಅದಕ್ಕೇ ಬರಂಗಿಲ್ಲ. ಸರಿ ಮಾಡಿದ ಮ್ಯಾಲೆ ಹಳೇ ಮೆಸೇಜ್ ನೋಡ್ಕೋತ ಕೂಡಬ್ಯಾಡ್ರಿ, ಫೋಟೋ ಎಳ್ಕೊಳ್ಳೋದು ಲಿಂಕ್ ಕಳಿಸೋ ಟೈಮಿನ್ಯಾಗ ಕಳಿಸೋರ ಫೋನು, ಮೊದಲ ಕಳಿಸಿದ್ದು ಬದಲಾಗಂಗಿಲ್ಲ, ಹೊಸದಾಗಿ ಕಳಿಸಿ ನೋಡ್ರಿ.

ಪ್ರಶ್ನೆ: ನಾವು ಬೀದರ್‌ನ್ಯಾಗ ಬಿದ್ರಿ ಸಾಮಾನು ಮಾಡ್ತೀವ್ರಿ. ಕನ್ನಡದಾಗ ಪೇಜ್ ಮಾಡೀವಿ, ನಮ್ಮ ಕಂಪ್ಯೂಟರ್‌ನ್ಯಾಗ ಛಂದ ಕಾಣ್ತದ, ಬ್ಯಾರೆಯವರಿಗೆ ಏನೇನೋ ಇಂಗ್ಲಿಷ್ ಗೀಚಿದಂಗ ಕಾಣ್ತದಂತ.
– ಓದುಗರು, ಬೀದರ್

ಉತ್ತರ: ಎರಡು ಕಾರಣ ಇರಬಹುದು. ನಿಮ್ಮ ಕಂಪ್ಯೂಟರಿನ್ಯಾಗ ಪೇಜ್ ತೆಗೆದು ಒಂದು ಕನ್ನಡ ಪದ ಕಾಪಿ ಮಾಡಿ ವಾಟ್ಸಾಪಿನ್ಯಾಗ ಪೇಸ್ಟ್ ಮಾಡ್ರಿ. ಅಲ್ಲೂ ಇಂಗ್ಲಿಷ್ ಅಕ್ಷರಾನೇ ಬಂದ್ರ ನೀವು ಹಳೇ ನುಡಿ ಇಲ್ಲಾ ಬರಹ ಫಾಂಟಿನ್ಯಾಗ ಟೈಪ್ ಮಾಡೀರಿ ಅಂತ ಅರ್ಥ, ಆ ಫಾಂಟ್ ನಿಮ್ಮ ಕಂಪ್ಯೂಟರ್‌ನ್ಯಾಗ ಅದ, ಅವರದ್ರಾಗ ಇಲ್ಲ. ಇದಕ್ಕ ಯಾವ ಟ್ಯಾಗ್ ಹಾಕಿದ್ರೂ ಉಪಯೋಗಿಲ್ಲ, ಎಲ್ಲಾ ಯುನಿಕೋಡಿಗೆ, ಅಂದ್ರ ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಅಕ್ಷರ ಪದ್ಧತಿಗೆ, ಬದಲಿ ಮಾಡ್ರಿ. ಗೂಗಲ್‌ಗೂ ಅದು ಕನ್ನಡ ಅಂತ ಗೊತ್ತಾಗಿರಂಗಿಲ್ಲ, ‘ಬಿದ್ರಿ ಹೂದಾನಿ’ ಅಂತ ಹುಡುಕಿದವರಿಗೆ ನೀವು ಸಿಗಂಗೇ ಇಲ್ಲ, ಇಷ್ಟು ಛಂದ ಕಸುಬಿಗೆ ಹಿಂಗ ಆಗಬಾರದ್ರಿ.

ಪೇಸ್ಟ್ ಮಾಡಿದಾಗ ಕನ್ನಡಾನೇ ಬಂದ್ರ ಕ್ಯಾರೆಕ್ಟರ್ ಸೆಟ್, ಅಂದ್ರ ಅಕ್ಷರ ಯಾವ ಪದ್ಧತಿಯಾಗ ಅದಾವ ಅನ್ನೋದು, ಪೇಜಿನ್ಯಾಗ ಹೇಳಿಲ್ಲ ಅಂತ ತಿಳೀರಿ. ಯುನಿಕೋಡ್ ಅಕ್ಷರಗಳನ್ನ ಫೈಲಿನ್ಯಾಗ ಇಡೋ ಪದ್ಧತಿ ಯುಟಿಎಫ್-8, ಅದರಾಗ ಕನ್ನಡದ ಒಂದೊಂದು ಅಕ್ಷರ-ಚಿಹ್ನೆಗೆ ಮೂರು ಬೈಟ್, ಫೈಲ್ ಯುಟಿಎಫ್-8ರಾಗ ಅದ ಅಂತ ಬ್ರೌಸರ್‌ಗೆ ಹೇಳದಿದ್ರ ಅದು ಮೂರನ್ನೂ ಬ್ಯಾರೆ ಬ್ಯಾರೆ ಅಕ್ಷರ ಅಂತ ಓದ್ತದ. ಮೆಟಾ ಕ್ಯಾರ್‌ಸೆಟ್ ಯುಟಿಎಫ್-8 ಅನ್ನೋ ಸಾಲನ್ನ ಹೆಡ್ ಶುರುವಾದ ಕೂಡ್ಲೇ ಹಾಕ್ರಿ, ಮೊದಲ 1024 ಬೈಟಿನೊಳಗ ಬರಬೇಕು ಅಂತ ನಿಯಮಾನೇ ಅದ. ಫೈಲನ್ನೂ ಯುಟಿಎಫ್-8ರಾಗೇ ಸೇವ್ ಮಾಡ್ರಿ. ಇಷ್ಟಾದ್ರೂ ಸರಿ ಆಗಲಿಲ್ಲಂದ್ರ ಸರ್ವರ್ ಬ್ಯಾರೆ ಏನೋ ಹೇಳ್ತಿರ್ತದ, ಸರ್ವರ್ ಮಾತು ಟ್ಯಾಗಿಗಿಂತ ಮುಂದ ನಡೀತದ, ಹೋಸ್ಟಿಂಗ್‌ನವರಿಗೆ ಕೇಳ್ರಿ. ಜೊತಿಗೆ ಎಚ್‌ಟಿಎಂಎಲ್ ಟ್ಯಾಗಿನ್ಯಾಗ ಲ್ಯಾಂಗ್ ಅನ್ನೋದಕ್ಕ ಕನ್ನಡದ ಕೋಡ್ ಕೆಎನ್ ಕೊಡ್ರಿ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನ ನೋಡೇ ಕನ್ನಡದ ದನಿ ಹಚ್ಕೋತದ.

ಪ್ರಶ್ನೆ: ಮೆಟಾ ಕೀವರ್ಡ್ಸ್‌ನ್ಯಾಗ ಐವತ್ತು ಪದ ತುಂಬ್ರಿ, ಗೂಗಲ್‌ನ್ಯಾಗ ಮ್ಯಾಲೆ ಬರ್ತೀರಿ ಅಂತ ನಮ್ಮ ಕೋಚಿಂಗ್‌ನ್ಯಾಗ ಹೇಳ್ಯಾರ. ಖರೇನಾ?
– ವಿದ್ಯಾರ್ಥಿ, ಯಾದಗಿರಿ

ಉತ್ತರ: ಇಲ್ಲಪ್ಪ. ಮೆಟಾ ಕೀವರ್ಡ್ಸ್ ಅಂದ್ರ ಹೆಡ್ ಒಳಗ ಬರೆಯೋ ಹುಡುಕೋ ಪದಗಳ ಪಟ್ಟಿ. ರ‍್ಯಾಂಕಿಂಗ್‌ಗೆ ಅದನ್ನ ನೋಡಂಗಿಲ್ಲ ಅಂತ ಗೂಗಲ್ 2009ರಾಗೇ ಹೇಳ್ಯದ. ಐವತ್ತು ಪದ ತುಂಬೋ ಟೈಮಿನ್ಯಾಗ ವ್ಯೂಪೋರ್ಟ್ ಟ್ಯಾಗ್ ಕಲಿ, ಪೇಜ್ ಎಷ್ಟು ಅಗಲ ತೋರಸಬೇಕು ಅಂತ ಮೊಬೈಲಿಗೆ ಹೇಳೋದು ಅದು, ಅದು ಇಲ್ಲಂದ್ರ ಮೊಬೈಲ್ ನಿನ್ನ ಪೇಜನ್ನ ಕಂಪ್ಯೂಟರ್ ಅಗಲಕ್ಕ ತೆಗೆದು ಕುಗ್ಗಿಸಿ ತೋರಸ್ತದ, ಅಕ್ಷರ ಇರುವೆ ಗಾತ್ರ ಆಗ್ತಾವ. ವಿಡ್ತ್ ಡಿವೈಸ್-ವಿಡ್ತ್, ಇನಿಶಿಯಲ್ ಸ್ಕೇಲ್ 1, ಇಷ್ಟೇ ಸಾಕು. ಕೆಲವರು ಅದರಾಗ ಜೂಮ್ ಬಂದ್ ಮಾಡೋ ಮಾತೂ ಸೇರಸ್ತಾರ, ನೀನು ಹಾಕಬ್ಯಾಡ, ವಯಸ್ಸಾದವರು ಎರಡು ಬೆರಳಿಲೆ ದೊಡ್ಡದು ಮಾಡ್ಕೊಂಡೇ ಓದ್ತಾರ.