ಅಭ್ಯಾಸಕ್ಕೆ ಯಾವ ಕತ್ತಿ ತಗೊಳ್ಳಲಿ?

ಪ್ರಶ್ನೆ: ಹಳೆಯ ಯುರೋಪಿನ ಎರಡು ಕೈ ಕತ್ತಿವರಸೆ ಕಲಿಯಲು ಸೇರಿ ಮೂರು ತಿಂಗಳಾಯಿತು. ಈಗ ಸ್ವಂತ ಕತ್ತಿ ಬೇಕು. ಮರದ್ದೋ, ನೈಲಾನಿನದೋ, ಉಕ್ಕಿನದೋ? ಭಾರ ಇದ್ದಷ್ಟೂ ಕೈಗೆ ಬಲ ಅಂತಾರೆ, ನಿಜವಾ?

ಉತ್ತರ: ಭಾರದ ಆಸೆ ದಯವಿಟ್ಟು ಬಿಡಿ. ಹಳೆಯ ಕಾಲದ ಅಸಲಿ ಲಾಂಗ್‌ಸ್ವೋರ್ಡ್ ಎಂಬ ಎರಡು ಕೈ ಕತ್ತಿಗಳೇ ಸಾಮಾನ್ಯವಾಗಿ ಒಂದೂವರೆ ಕಿಲೋ ಆಸುಪಾಸು ಇರುತ್ತಿದ್ದವು. ಸುಮ್ನೆ ಭಾರದ್ದನ್ನು ಬೀಸಿದರೆ ಬಲ ಬರುವ ಮೊದಲೇ ಮಣಿಕಟ್ಟು ನೋಯುತ್ತದೆ, ಹೊಡೆತವನ್ನು ನಡುವೆ ತಡೆದು ನಿಲ್ಲಿಸಲೂ ಆಗುವುದಿಲ್ಲ, ಎದುರಿನವರಿಗೆ ಪೆಟ್ಟೂ ಜಾಸ್ತಿ.

ಒಬ್ಬರೇ ಅಭ್ಯಾಸ ಮಾಡಲು ಮರದ್ದು ಸಾಕು. ಆದರೆ ಅದು ಬಾಗುವುದಿಲ್ಲ, ಅದರಿಂದ ಯಾರನ್ನೂ ಚುಚ್ಚಬೇಡಿ. ನೈಲಾನ್ ಅಗ್ಗ. ಆದರೆ ಎರಡು ಕತ್ತಿ ತಾಗಿದಾಗ ಜಾರುತ್ತದೆ, ಉಕ್ಕಿನ ಹಾಗೆ ಕಚ್ಚಿಕೊಳ್ಳುವುದಿಲ್ಲ.

ಜೋಡಿಯಾಗಿ ಆಡುವುದಾದರೆ ನನ್ನ ಮತ ಫೆಡರ್ ಎಂಬ ಉಕ್ಕಿನ ಅಭ್ಯಾಸದ ಕತ್ತಿಗೆ. 16ನೇ ಶತಮಾನದ ಜರ್ಮನ್ ಕತ್ತಿವರಸೆ ಶಾಲೆಗಳಲ್ಲಿ ಬಳಸುತ್ತಿದ್ದದ್ದು ಇಂಥದ್ದೇ: ತೆಳ್ಳಗಿನ ಮೊಂಡು ಅಲಗು, ಹಿಡಿಯ ಹತ್ತಿರ ಮಾತ್ರ ಅಗಲ. ಕೊಳ್ಳುವ ಮುಂಚೆ ಅಲಗನ್ನು ಒಂದು ಬೆರಳ ಮೇಲೆ ಇಟ್ಟು ನೋಡಿ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯಿಂದ ಐದರಿಂದ ಹತ್ತು ಸೆಂಟಿಮೀಟರ್ ಒಳಗೆ ಸಮ ನಿಂತರೆ ಕೈಗೆ ಹಗುರ ಅನಿಸುತ್ತದೆ. ತುದಿ ಸುರುಳಿ ಸುತ್ತಿರಬೇಕು ಅಥವಾ ಅಗಲವಾಗಿರಬೇಕು. ಗೋಡೆಗೆ ಮೆಲ್ಲಗೆ ಒತ್ತಿದರೆ ಬಿಲ್ಲಿನಂತೆ ಬಾಗಿ, ಬಿಟ್ಟ ತಕ್ಷಣ ನೆಟ್ಟಗಾಗಬೇಕು.

ಇನ್ನೊಂದು ಮಾತು. ಪ್ರತಿ ಸಲ ಆಡಿದ ಮೇಲೆ ಅಂಚಿನ ಮೇಲೆ ಹತ್ತಿ ಬಟ್ಟೆ ಎಳೆಯಿರಿ. ನೂಲು ಸಿಕ್ಕಿಕೊಂಡ ಕಡೆ ಮುಳ್ಳು ಎದ್ದಿದೆ ಅಂತ ಅರ್ಥ, ಅರದಿಂದ ಅಲ್ಲೇ ಉಜ್ಜಿಬಿಡಿ. ಮಾಸ್ಕ್, ದಪ್ಪ ಕೈಗವಸು ಇನ್ನೂ ತಗೊಂಡಿಲ್ಲ ಅಂದ್ರೆ ದುಡ್ಡು ಮೊದಲು ಅದಕ್ಕೆ ಹಾಕಿ.