ಬಾವಿಯ ಕಥೆ ಬರೆದೆ, ದೊಡ್ಡಮ್ಮ ಮಾತು ಬಿಟ್ಟರು

ಪ್ರಶ್ನೆ: ನನಗೆ 27 ವರ್ಷ. ಊರು ಕಾರ್ಕಳದ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಮೂರು ವರ್ಷದಿಂದ ದೆವ್ವದ ಕಥೆ, ವಿಚಿತ್ರ ಕಥೆಗಳನ್ನು ಬರೆಯುತ್ತಿದ್ದೇನೆ. ನಾಲ್ಕು ಅಚ್ಚಾಗಿವೆ. ಈಗ ಒಬ್ಬ ಪ್ರಕಾಶಕರು ಹತ್ತು ಕಥೆಗಳ ಸಂಕಲನ ತರಲು ಒಪ್ಪಿದ್ದಾರೆ. ಎಲ್ಲರೂ ಜಾಸ್ತಿ ಮೆಚ್ಚಿದ್ದು ಬಾವಿಯ ಕಥೆಯನ್ನು. ನಡು ಮಧ್ಯಾಹ್ನ ತೋಟದ ಬಾವಿಯಿಂದ ಒದ್ದೆ ಸೀರೆಯಲ್ಲಿ ಎದ್ದು ಬರುವ ಹೆಂಗಸು, ಮನೆಯ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾಳೆ. ಅದು ಪೂರ್ತಿ ಕಲ್ಪನೆಯಲ್ಲ. ದೊಡ್ಡಮ್ಮನ ತಂಗಿ, ಅಂದರೆ ನನ್ನ ಅಮ್ಮನ ಎರಡನೇ ಅಕ್ಕ, ಮದುವೆಯಾದ ಎರಡೇ ವರ್ಷಕ್ಕೆ ಗಂಡನ ಮನೆಯ ಬಾವಿಗೆ ಬಿದ್ದು ತೀರಿಕೊಂಡರಂತೆ. ಆಮೇಲೆ ಅಲ್ಲಿ ‘ಅವಳು ಕಾಣುತ್ತಾಳೆ’ ಎಂಬ ಮಾತು ಹುಟ್ಟಿತು. ಚಿಕ್ಕಂದಿನಲ್ಲಿ ಕೇಳಿದ್ದನ್ನೇ ಹೆಸರು ಬದಲಿಸಿ ಬರೆದೆ. ಕಥೆ ಓದಿದ ದೊಡ್ಡಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಅಮ್ಮ, “ಇಂಥದ್ದು ಬರೆದರೆ ಮನೆಗೆ ಒಳ್ಳೆಯದಲ್ಲ, ನಾಳೆ ಸಂಬಂಧ ಬಂದರೆ ಏನು ಹೇಳುವುದು” ಎನ್ನುತ್ತಾರೆ. ಹಿರಿಯ ಲೇಖಕರೊಬ್ಬರು, “ದೆವ್ವ ಬಿಟ್ಟು ಗಂಭೀರವಾದದ್ದು ಬರೆಯಿರಿ” ಎಂದರು. ಆ ಕಥೆ ತೆಗೆಯಲೇ? ಬರೆಯುವುದನ್ನೇ ನಿಲ್ಲಿಸಲೇ?

ಉತ್ತರ: ಬರೆಯುವುದನ್ನು ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮಾತು ನಿಮಗೆ ಸ್ವಲ್ಪ ನೋವು ಕೊಡಬಹುದು.

ಹಿರಿಯರ ಮಾತಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಭಯ ಹಸಿವಿನಷ್ಟೇ ಹಳೆಯದು. ಅದರ ಬಗ್ಗೆ ಬರೆಯುವುದು ಗಂಭೀರವಲ್ಲ ಎಂದರೆ ಇನ್ಯಾವುದು ಗಂಭೀರ?

ಅಮ್ಮನ ಭಯ ಬೇರೆ. ಅವರಿಗೆ ನಿಮ್ಮ ಮೇಲಿನ ಕಾಳಜಿ ಆ ರೂಪದಲ್ಲಿ ಹೊರಗೆ ಬರುತ್ತಿದೆ. ಅಮೆರಿಕದ ಶರ್ಲಿ ಜಾಕ್ಸನ್ 1948ರಲ್ಲಿ ‘ದಿ ಲಾಟರಿ’ ಎಂಬ ಸಣ್ಣ ಕಥೆ ಪ್ರಕಟಿಸಿದಾಗ ಆ ಬೇಸಿಗೆಯಲ್ಲಿ 300ಕ್ಕೂ ಹೆಚ್ಚು ಪತ್ರಗಳು ಬಂದವು. ಮೆಚ್ಚಿ ಬರೆದವರು ಬರೀ 13 ಮಂದಿ, ಅವರಲ್ಲೂ ಹೆಚ್ಚಿನವರು ಗೆಳೆಯರು. ಆಕೆಯ ತಾಯಿ ಕೂಡ, ನನಗೂ ನಿನ್ನ ಅಪ್ಪನಿಗೂ ಈ ಕಥೆ ಹಿಡಿಸಲಿಲ್ಲ ಎಂದೇ ಬರೆದಿದ್ದರು. ಜಾಕ್ಸನ್ ಬರೆಯುತ್ತಲೇ ಹೋದರು. ನೀವು ಅಮ್ಮನ ಜೊತೆ ವಾದಕ್ಕೆ ಇಳಿಯಬೇಡಿ. ಪುಸ್ತಕ ಬಂದ ದಿನ ಮೊದಲ ಪ್ರತಿ ಅವರ ಕೈಗೆ ಕೊಡಿ. ಓದದೆ ಕಪಾಟಿನಲ್ಲಿಟ್ಟರೂ ಪರವಾಗಿಲ್ಲ. ಕಥೆ ಓದಿ ಬೇಡವೆನ್ನುವ ಸಂಬಂಧ ಮೊದಲೇ ತಪ್ಪಿಹೋಗುವುದು ನಿಮಗೇ ಒಳ್ಳೆಯದು.

ಇನ್ನು ದೊಡ್ಡಮ್ಮನ ಮೌನ. ಇದನ್ನು ಮೇಲಿನ ಎರಡರ ಜೊತೆ ಒಂದೇ ಚೀಲಕ್ಕೆ ತುಂಬಿ ನನಗೆ ಕಳಿಸಿದ್ದೀರಿ. ದಯವಿಟ್ಟು ಹೊರಗೆ ತೆಗೆದು ನೋಡಿ. ಅವರು ದೆವ್ವದ ಕಥೆಗೆ ಹೆದರಿ ಮಾತು ಬಿಟ್ಟಿಲ್ಲ. ಅವರ ತಂಗಿಯನ್ನು ನೀವು ಇನ್ನೊಂದು ಸಲ ದೆವ್ವ ಮಾಡಿದಿರಿ.

ನಿಮ್ಮ ಪತ್ರದಲ್ಲಿ ಒಂದು ಕಡೆ ನಾನು ತುಂಬಾ ಹೊತ್ತು ನಿಂತೆ. ತೀರಿಕೊಂಡವರನ್ನು ‘ದೊಡ್ಡಮ್ಮನ ತಂಗಿ’ ಎಂದು ಬರೆದಿದ್ದೀರಿ. ಅಮ್ಮನ ಅಕ್ಕ ಎಂದಮೇಲೆ ಆಕೆಯೂ ನಿಮಗೆ ದೊಡ್ಡಮ್ಮನೇ ಅಲ್ವಾ? ನಿಮ್ಮ ತಪ್ಪೆಂದು ಹೇಳುತ್ತಿಲ್ಲ. ನೀವು ಹುಟ್ಟುವ ಮೊದಲೇ ಆಕೆ ಹೋದರು, ಹಾಗೆ ಕರೆಯುವ ಅವಕಾಶವೇ ನಿಮಗೆ ಸಿಗಲಿಲ್ಲ. ನಿಮ್ಮ ಪಾಲಿಗೆ ಬಂದದ್ದು ಬಾವಿ ಮತ್ತು ಒದ್ದೆ ಸೀರೆ ಮಾತ್ರ.

ನಮ್ಮೂರಿನಲ್ಲೂ ಇಂಥದ್ದೊಂದು ಕೆರೆ ಇತ್ತು. ಮಧ್ಯಾಹ್ನ ಆ ಕಡೆ ಹೋಗಬೇಡಿ, ಕೆರೆ ಹೆಂಗಸು ಹಿಡಿಯುತ್ತಾಳೆ ಎಂದು ನಮ್ಮನ್ನು ಹೆದರಿಸುತ್ತಿದ್ದರು. ದೊಡ್ಡವಳಾದ ಮೇಲೆ ಆಕೆ ಯಾರೆಂದು ಕೇಳಿದೆ. ಯಾರದೋ ಸೊಸೆ ಎಂದರು. ಹೆಸರು ಒಬ್ಬರಿಗೂ ನೆನಪಿರಲಿಲ್ಲ. ಹೆಣ್ಣೊಬ್ಬಳು ನೀರಿಗೆ ಬಿದ್ದು ಸತ್ತಾಗ ಯಾಕೆ ಬಿದ್ದಳು ಎಂದು ಕೇಳುವುದು ಮನೆಯವರಿಗೆ ಕಷ್ಟ, ಊರಿಗೂ ಕಷ್ಟ. ಅವಳು ದೆವ್ವವಾಗಿದ್ದಾಳೆ ಎಂದುಬಿಟ್ಟರೆ ಕೇಳುವ ಅಗತ್ಯವೇ ಬರುವುದಿಲ್ಲ. ನಿಮ್ಮ ಕುಟುಂಬದಲ್ಲಿ ಏನು ನಡೆಯಿತೋ ನಾನು ಹೇಳಲಾರೆ. ಆದರೆ ‘ಅವಳು ಕಾಣುತ್ತಾಳೆ’ ಎಂದು ಮೊದಲು ಹೇಳಿದವರು ಯಾರು, ಯಾವಾಗ ಹೇಳಿದರು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಕಥೆಗಾರ್ತಿಯಾಗಿಯೂ ಯೋಚಿಸಿ. ನನಗಂತೂ ಬಾವಿಯಿಂದ ಎದ್ದು ಬರುವ ಹೆಂಗಸಿಗಿಂತ, ಆಕೆಯ ಮೈ ಇನ್ನೂ ಆರುವ ಮೊದಲೇ ದೆವ್ವದ ಸುದ್ದಿ ಹಬ್ಬಿಸುವ ಮನೆಯೊಂದು ಜಾಸ್ತಿ ಭಯ ಹುಟ್ಟಿಸುತ್ತದೆ.

ನಿಮ್ಮ ನಾಡಿನವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ತುಳುನಾಡಿನಲ್ಲಿ ಸತ್ತವರು ಮನೆಯವರಾಗಿಯೇ ಉಳಿಯುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡ ಮನೆಯವರ ಆತ್ಮಗಳಿಗೆ, ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ತೀರಿಕೊಂಡವರಿಗೆ ಎಷ್ಟೋ ವರ್ಷದ ಮೇಲೆ ಪ್ರೇತ ಮದುವೆ ಮಾಡಿಸಿ, ಎರಡು ಮನೆಯವರು ಬೀಗರಾಗುತ್ತಾರೆ. ನಿಮ್ಮ ಕಾರ್ಕಳದ್ದೇ ಕಲ್ಕುಡ–ಕಲ್ಲುರ್ಟಿಯರ ಪಾಡ್ದನವನ್ನು, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡನ್ನು, ನೆನಪಿಸಿಕೊಳ್ಳಿ. 1432ರಲ್ಲಿ ನಿಂತ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ, ಇನ್ನೆಲ್ಲೂ ಅಂಥದ್ದನ್ನು ಕೆತ್ತಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ ಎಂದು ಪಾಡ್ದನ ಹಾಡುತ್ತದೆ. ಅಣ್ಣನಿಗಾಗಿ ತಂಗಿ ಕಲ್ಲುರ್ಟಿ ಸಿಡಿದೇಳುತ್ತಾಳೆ. ಇಬ್ಬರೂ ದೈವಗಳಾಗುತ್ತಾರೆ. ದೈವ ಬೇರೆ, ದೆವ್ವ ಬೇರೆ, ನಿಜ. ಆದರೆ ಆ ಹಾಡು ಅನ್ಯಾಯ ಮಾಡಿದವನು ಯಾರೆಂದು ಹೇಳಲು ಹೆದರುವುದಿಲ್ಲ, ಅನ್ಯಾಯಕ್ಕೆ ಸಿಕ್ಕವರ ಹೆಸರನ್ನೂ ಮರೆಯುವುದಿಲ್ಲ. ನಿಮ್ಮ ಕಥೆಯಲ್ಲಿ ಹೆಂಗಸು ಎಲ್ಲರ ಹೆಸರು ಹಿಡಿದು ಕರೆಯುತ್ತಾಳೆ. ಆಕೆಯ ಹೆಸರನ್ನು ಯಾರಾದರೂ ಕರೆಯುತ್ತಾರಾ?

ಹಾಗಾಗಿ ಪ್ರಕಾಶಕರಿಗೆ ಇವತ್ತೇ ಫೋನ್ ಮಾಡಿ, ಬಾವಿಯ ಕಥೆಗೆ ಒಂದೆರಡು ತಿಂಗಳು ಕೇಳಿ. ಕೊಡದಿದ್ದರೆ ಒಂಬತ್ತು ಕಥೆಗಳನ್ನೇ ಅಚ್ಚಿಗೆ ಕಳಿಸಿ. ಬಾವಿ ಬದಲು ಕೆರೆ ಎಂದು ತಿದ್ದಿ ಸುಮ್ನೆ ಮುಂದೆ ಹೋಗುವ ಯೋಚನೆ ಬೇಡ. ಊರಿನವರಿಗೆ ಗೊತ್ತಾಗದಿರಬಹುದು, ದೊಡ್ಡಮ್ಮನಿಗೆ ಗೊತ್ತಾಗುತ್ತದೆ.

ಆಮೇಲೆ ಒಂದು ರಜೆಯ ದಿನ ಅವರ ಮನೆಗೆ ಹೋಗಿ. ಪತ್ರಿಕೆಯನ್ನು ತೆಗೆದುಕೊಂಡು ಹೋಗಬೇಡಿ, ಕಥೆಗೆ ಅನುಮತಿ ಕೇಳಲೂಬೇಡಿ. ಮಾತಾಡದಿದ್ದರೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಕೂತಿರಿ. “ತಪ್ಪಾಯಿತು, ಅವರೂ ನನಗೆ ದೊಡ್ಡಮ್ಮ ಎಂದು ಯೋಚಿಸದೆ ಬರೆದೆ” ಎಂದಷ್ಟೇ ಹೇಳಿ. ಅವರು ಬೈಯಬಹುದು, ಅಳಬಹುದು. ಇನ್ನೊಂದು ಸಲ ಹೋಗಬೇಕಾಗಬಹುದು. ಮಾತು ಶುರುವಾದರೆ ಸಾವಿನ ದಿನದ ಬಗ್ಗೆ ನೀವಾಗಿ ಕೇಳಬೇಡಿ. ಆಕೆ ನಗುತ್ತಿದ್ದದ್ದು ಹೇಗೆ, ಯಾವ ಹೂವು ಮುಡಿಯುತ್ತಿದ್ದರು, ಅಕ್ಕ ತಂಗಿಯರು ಯಾವುದಕ್ಕೆ ಜಗಳ ಆಡುತ್ತಿದ್ದರು, ಇದನ್ನು ಕೇಳಿ.

ಇಷ್ಟೆಲ್ಲ ಆದಮೇಲೂ ಅವರು “ಬೇಡ ಮಗಾ, ಅವಳನ್ನು ಅಚ್ಚು ಹಾಕಿಸಬೇಡ” ಎಂದರೆ, ಅವರು ಇರುವಷ್ಟು ದಿನ ಆ ಕಥೆ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ. ಇಂಥ ಕಥೆ ಬರೆಯಬಲ್ಲವರು ಇನ್ನೂ ಎಷ್ಟೋ ಬರೆಯುತ್ತೀರಿ. ಸರಿ ಎಂದರೆ, ಹೊಸದಾಗಿ ಕೂತು ಮೊದಲಿನಿಂದ ಬರೆಯಿರಿ, ಅಚ್ಚಿಗೆ ಹೋಗುವ ಮೊದಲು ಅವರ ಮುಂದೆ ಕೂತು ನೀವೇ ಓದಿ ಹೇಳಿ.