ಥಾನೋಸ್ ತಪ್ಪು ಲೆಕ್ಕ ಹಾಕಿದರೆ ಅದು ಪ್ಲಾಟ್ ಹೋಲ್ ಆಗುವುದಿಲ್ಲ

ನಿಮ್ಮ ಪೋಸ್ಟ್ ಪೂರ್ತಿ ಓದಿದೆ. 'ಅವೆಂಜರ್ಸ್: ಇನ್ಫಿನಿಟಿ ವಾರ್' ಸಿನಿಮಾದಲ್ಲಿ 12 ಪ್ಲಾಟ್ ಹೋಲ್ (ಕಥೆಯ ತೂತು) ಇವೆ ಅಂತ ಪಟ್ಟಿ ಹಾಕಿದ್ದೀರಿ. ವಿಲನ್ ಥಾನೋಸ್ ಆರು ಶಕ್ತಿಯ ಕಲ್ಲು ಸೇರಿಸಿ ಒಂದೇ ಚಿಟಿಕೆಯಲ್ಲಿ (ಸ್ನ್ಯಾಪ್) ಇಡೀ ವಿಶ್ವದ ಅರ್ಧ ಜೀವಿಗಳನ್ನು ಅಳಿಸುವ ಕಥೆ ಅದು. ನಿಮ್ಮ ಮೊದಲನೆಯದೇ, "ಆರೂ ಕಲ್ಲು ಕೈಯಲ್ಲಿದ್ದವನು ಅರ್ಧ ಜೀವಿಗಳನ್ನು ಅಳಿಸುವ ಬದಲು ಅನ್ನ ನೀರನ್ನು ಎರಡು ಪಟ್ಟು ಮಾಡಬಹುದಿತ್ತಲ್ಲ?" ಕೆಳಗೆ ಎಲ್ಲರೂ ಹೌದು ಹೌದು ಅಂದಿದ್ದಾರೆ. 2018ರಲ್ಲಿ ನಾನೂ ಇದೇ ಪಟ್ಟಿ ಮಾಡಿದ್ದೆ, ಇದೇ ಮೊದಲ ಪಾಯಿಂಟ್. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಆಗ ಏನಾಯಿತು ಅಂದರೆ, ಸಿನಿಮಾ ಬಂದ ವಾರವೇ ನೋಡಿದೆ. ಮನೆಗೆ ಬಂದು ಎರಡು ಯೂಟ್ಯೂಬ್ ವಿಡಿಯೋ ನೋಡಿದೆ. 17 ಪಾಯಿಂಟ್ ಬರೆದುಕೊಂಡೆ. ಮೈಸೂರಿನಲ್ಲಿ ಗೆಳೆಯರೊಬ್ಬರ ಮಹಡಿಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಜನ ಸೇರಿ ಸಿನಿಮಾ ಮಾತಾಡುತ್ತಿದ್ದೆವು. ಅಲ್ಲಿ ಗಟ್ಟಿಯಾಗಿ ಓದಿದೆ. ಒಬ್ಬರು ಸುಮ್ನೆ ಕೇಳಿದರು: "ಎರಡು ಪಟ್ಟು ಮಾಡಿಕೊಡ್ತೀನಿ ಅಂತ ಯಾರಾದರೂ ಅವನಿಗೆ ಹೇಳಿದ್ದರೆ ಅವನು ಒಪ್ಪುತ್ತಿದ್ದನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಥಾನೋಸ್ ಸಾವಿನ ದೇವತೆಯನ್ನು ಮೆಚ್ಚಿಸಲು ಇದೆಲ್ಲ ಮಾಡುತ್ತಾನೆ ಅಂತಲೂ ವಾದ ಮಾಡಿದೆ. ಅದು 1991ರ ಕಾಮಿಕ್ಸ್ ಕಥೆ, ಸಿನಿಮಾದಲ್ಲಿ ಇಲ್ಲವೇ ಇಲ್ಲ. ಎರಡು ಗಂಟೆ ಎಲ್ಲರ ಸಮಯ ಹಾಳು ಮಾಡಿದೆ. ಯಾವ ವಿಡಿಯೋದಲ್ಲಿ ಕೇಳಿದ್ದು, ಯಾವುದು ನಾನೇ ನೋಡಿದ್ದು ಅಂತ ನನಗೇ ಗೊತ್ತಿರಲಿಲ್ಲ. ನಿಮ್ಮ 5ನೇ ಪಾಯಿಂಟ್‌ನಲ್ಲೂ ಅದೇ ಕಾಮಿಕ್ಸ್ ಸೇರಿಕೊಂಡಿದೆ, ತೆಗೆದುಬಿಡಿ.

ಸಿನಿಮಾ ತಾನೇ ಹಾಕಿದ ನಿಯಮವನ್ನು ತಾನೇ ಮುರಿದರೆ ಪ್ಲಾಟ್ ಹೋಲ್ ಅನ್ನಿ. ವಿಲನ್ ತಪ್ಪು ಯೋಚಿಸಿದರೆ ಅದು ಅವನ ಗುಣ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಆ ಸಂಜೆಯ ನಂತರ ನಾನು ಹಿಡಿದ ದಾರಿ ಹೇಳುತ್ತೇನೆ. ನೋಟ್ ಬುಕ್‌ನ ಹಾಳೆಯಲ್ಲಿ ನಡುವೆ ಗೆರೆ ಎಳೆಯಿರಿ. ಎಡಗಡೆ ವಿಲನ್ ಹೇಳಿದ್ದು, ಬಲಗಡೆ ವಿಲನ್ ಮಾಡಿದ್ದು. ಪಕ್ಕದಲ್ಲಿ ಎಷ್ಟನೇ ನಿಮಿಷ ಅಂತ ಬರೆಯಲೇಬೇಕು. ಫೋನಿನಲ್ಲಿ ಟೈಪ್ ಮಾಡಬೇಡಿ, ಮಧ್ಯೆ ವಾಟ್ಸ್ಆ್ಯಪ್ ಬರುತ್ತದೆ, ಗಮನ ಹೋಗುತ್ತದೆ. ಕ್ಲಾಸ್‌ಮೇಟ್ ನೋಟ್ ಬುಕ್ ಸಾಕು, ದುಬಾರಿ ಡೈರಿ ಬೇಡ.

ಥಾನೋಸ್‌ಗೆ ಇದನ್ನು ಹಾಕಿ ನೋಡಿ. ಎಡಗಡೆ: ಸಂಪನ್ಮೂಲ ಕಡಿಮೆ, ಬಾಯಿ ಜಾಸ್ತಿ, ಅರ್ಧ ಹೋಗಬೇಕು. ಬಡವ ಬಲ್ಲಿದ ಅಂತ ನೋಡುವುದಿಲ್ಲ, ಯಾರು ಬೇಕಾದರೂ ಹೋಗಬಹುದು, ಇದು ಕರುಣೆ. ಈಗ ಬಲಗಡೆಗೆ ಬನ್ನಿ. ಆಯುಧ ತಯಾರಿಸುವ ಊರಾದ ನಿಡವೆಲ್ಲಿರ್‌ನಲ್ಲಿ 300 ಕುಬ್ಜರಿದ್ದರು. ಗಾಂಟ್ಲೆಟ್ (ಆರು ಕಲ್ಲು ಕೂರಿಸುವ ಲೋಹದ ಕೈಗವಸು) ಮಾಡಿಕೊಟ್ಟರೆ ಥಾನೋಸ್ ಅವರನ್ನು ಉಳಿಸುತ್ತಾನೆ ಅಂದುಕೊಂಡು ಅವರಲ್ಲೊಬ್ಬನಾದ ಎಟ್ರಿ ಮಾಡಿಕೊಟ್ಟ. ಉಳಿದವನು ಎಟ್ರಿ ಒಬ್ಬನೇ. ಇದರಲ್ಲಿ ಅರ್ಧ ಎಲ್ಲಿ ಬಂತು, ಕರುಣೆ ಎಲ್ಲಿ ಬಂತು? ಈ ಒಂದೇ ದೃಶ್ಯ ಅವನ ಇಡೀ ಭಾಷಣವನ್ನು ಬೀಳಿಸುತ್ತದೆ. ಆದರೂ ಪಟ್ಟಿ ಮಾಡುವವರು ಇದನ್ನು ಹೇಳುವುದೇ ಇಲ್ಲ, ಯಾಕೆಂದರೆ ಅದು ಥಾರ್‌ನ ಕೊಡಲಿ ತಯಾರಾಗುವ ದೃಶ್ಯ ಅಂತ ಅಷ್ಟೇ ನೆನಪಿಟ್ಟಿರುತ್ತಾರೆ.

ಇನ್ನು ಥಾನೋಸ್ ಹುಟ್ಟಿದ ಟೈಟನ್‌ನಲ್ಲಿ ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್ ಜೊತೆ ಅವನು ಆಡುವ ಮಾತು. ತನ್ನ ಊರು ಮುಳುಗುವ ಮೊದಲೇ ಪರಿಹಾರ ಹೇಳಿದ್ದೆ, ಹುಚ್ಚ ಅಂದರು, ನಾನು ಹೇಳಿದಂತೆಯೇ ಆಯಿತು ಅನ್ನುತ್ತಾನೆ. ಎಲ್ಲ ಮುಗಿದ ಮೇಲೆ ಏನು ಮಾಡುತ್ತೀಯ ಅಂದರೆ, ವಿಶ್ರಾಂತಿ ತೆಗೆದುಕೊಂಡು, ಕೃತಜ್ಞತೆ ತುಂಬಿದ ಜಗತ್ತಿನ ಮೇಲೆ ಸೂರ್ಯ ಹುಟ್ಟುವುದನ್ನು ನೋಡುತ್ತೇನೆ ಅನ್ನುತ್ತಾನೆ. 'ಕೃತಜ್ಞತೆ' ಅನ್ನುವ ಪದಕ್ಕೆ ಗೆರೆ ಎಳೆಯಿರಿ. ಮುಂದಿನ ಭಾಗವಾದ 'ಎಂಡ್‌ಗೇಮ್'ನಲ್ಲಿ ಕಾಲಪ್ರಯಾಣ ಮಾಡಿ 2014ರಿಂದ ಬಂದ ಥಾನೋಸ್‌ಗೆ ಜನ ತನ್ನನ್ನು ಒಪ್ಪಲಿಲ್ಲ ಅಂತ ಗೊತ್ತಾದಾಗ ಏನು ಹೇಳುತ್ತಾನೆ? ಇಡೀ ಜಗತ್ತನ್ನು ಚೂರುಚೂರು ಮಾಡಿ ಹೊಸದು ಕಟ್ಟುತ್ತೇನೆ, ಅದು ನನಗೆ ಕೃತಜ್ಞವಾಗಿರುತ್ತದೆ ಅಂತ. ಎರಡು ಸಿನಿಮಾ, ಅದೇ ಪದ. ಅನ್ನ ನೀರಿನ ಸುದ್ದಿ ಅಲ್ಲಿಗೆ ಮಾಯ. ಹೊಸ ಜಗತ್ತೇ ಕಟ್ಟುವ ಶಕ್ತಿ ಇದೆ ಅಂತ ಅವನೇ ಹೇಳಿದ ಮೇಲೆ, ಎರಡು ಪಟ್ಟು ಅನ್ನ ಅವನಿಗೆ ಹೊಳೆಯಲಿಲ್ಲ ಅನ್ನುವುದು ಹೇಗೆ? ಹೊಳೆದರೂ ಬೇಡ ಅನ್ನುತ್ತಿದ್ದ. ಅನ್ನ ಹೆಚ್ಚಿಸಿದರೆ ಟೈಟನ್‌ನವರು ಅವನನ್ನು ಹುಚ್ಚ ಅಂದದ್ದು ಸರಿ ಅಂತಾಗುತ್ತದೆ, ಅವನ ಪರಿಹಾರ ಬೇಕಿರಲಿಲ್ಲ ಅಂತಾಗುತ್ತದೆ. ಅವನಿಗೆ ಬೇಕಿದ್ದದ್ದು "ನೀನು ಹೇಳಿದ್ದೇ ಸರಿ" ಅನ್ನುವ ಮಾತು.

ಅವನ ಲೆಕ್ಕವೂ ನಿಲ್ಲುವುದಿಲ್ಲ. ಭೂಮಿಯ ಜನಸಂಖ್ಯೆ 1974ರಲ್ಲಿ 400 ಕೋಟಿ, 2022ರಲ್ಲಿ 800 ಕೋಟಿ. 48 ವರ್ಷದಲ್ಲಿ ದುಪ್ಪಟ್ಟು. ಸ್ನ್ಯಾಪ್ ಮಾಡಿದರೆ ನಾವು 1970ರ ದಶಕದ ಆರಂಭಕ್ಕೆ ಹೋಗುತ್ತೇವೆ, ಅಷ್ಟೇ. ಈಗ ಬೆಳವಣಿಗೆ ನಿಧಾನವಾಗಿದೆ, ಅದನ್ನೂ ಸೇರಿಸಿಯೇ ಮಾತಾಡಿ, ಇಲ್ಲದಿದ್ದರೆ ಯಾರೋ ಒಬ್ಬರು ಹಿಡಿಯುತ್ತಾರೆ. ಇನ್ನೊಂದು, ಅದೇ ಎರಡನೇ ಸಿನಿಮಾದಲ್ಲಿ ಅಳಿದವರನ್ನು ಮರಳಿ ತರಲು ಹಲ್ಕ್ ಚಿಟಿಕೆ ಹೊಡೆದ ಮೇಲೆ ಸ್ಕಾಟ್ (ಆ್ಯಂಟ್ ಮ್ಯಾನ್) ಕಿಟಕಿಯ ಹತ್ತಿರ ಹೋದಾಗ ಹೊರಗೆ ಹಕ್ಕಿಗಳು ಕಾಣುತ್ತವೆ. ಅಂದರೆ ಹಕ್ಕಿಗಳೂ ಅರ್ಧ ಹೋಗಿದ್ದವು. ಹಾಗಾದರೆ ಹಸು, ಮೀನು? ಉಣ್ಣುವ ಬಾಯಿ ಅರ್ಧ ಆದಾಗ ತಟ್ಟೆಯಲ್ಲಿದ್ದದ್ದೂ ಅರ್ಧ ಆಯಿತು. ಆದರೆ ನೆಲ, ನೀರು, ಕಬ್ಬಿಣ ಅಷ್ಟೇ ಉಳಿಯಿತು, ಅದನ್ನು ಮರೆಯಬೇಡಿ. ಹಡಗು ಕಡಿಮೆಯಾಗಿ ಹಡ್ಸನ್ ನದಿಗೆ ತಿಮಿಂಗಿಲ ಬಂದಿವೆ ಅಂತ ಸ್ಟೀವ್ (ಕ್ಯಾಪ್ಟನ್ ಅಮೆರಿಕ) ಅದೇ ಸಿನಿಮಾದಲ್ಲಿ ಹೇಳುತ್ತಾನೆ. ಥಾನೋಸ್ ಪರವಾಗಿರುವ ಸಾಕ್ಷಿಯನ್ನೂ ನಿಮ್ಮ ಹಾಳೆಯಲ್ಲಿ ಬರೆಯಬೇಕು. ನನ್ನ ಹಳೇ ಪಟ್ಟಿಯಲ್ಲಿ ಅಂಥದ್ದು ಒಂದೂ ಇರಲಿಲ್ಲ.

ನಿಮ್ಮ 12ರಲ್ಲಿ ನಿಜವಾದ ತೂತು ಅಂತ ನಾನು ಒಪ್ಪುವುದು 9ನೆಯದು. ನ್ಯೂಯಾರ್ಕ್‌ನಲ್ಲಿ ಸ್ಟ್ರೇಂಜ್ ಜೊತೆಗಾರ ವಾಂಗ್ ಪೋರ್ಟಲ್ (ಬೇರೆ ಜಾಗಕ್ಕೆ ತೆರೆಯುವ ಮಾಂತ್ರಿಕ ಬಾಗಿಲು) ಮುಚ್ಚಿ ಥಾನೋಸ್ ಕಡೆಯ ಕಲ್ ಒಬ್ಸಿಡಿಯನ್‌ನ ಕೈ ಕತ್ತರಿಸುತ್ತಾನೆ. ಅದೇ ತಂತ್ರ ಸ್ಟ್ರೇಂಜ್‌ಗೂ ಗೊತ್ತು. ಟೈಟನ್‌ನಲ್ಲಿ ಎಲ್ಲರೂ ಸೇರಿ ಗಾಂಟ್ಲೆಟ್ ಎಳೆಯುವಾಗ ಯಾಕೆ ಪ್ರಯತ್ನಿಸಲಿಲ್ಲ? ಆ ನಿಯಮ ಕೊಟ್ಟದ್ದು ಸಿನಿಮಾವೇ. "ಸ್ಟ್ರೇಂಜ್ 1,40,00,605 ಭವಿಷ್ಯ ನೋಡಿದ್ದಾನೆ, ಅವನಿಗೆ ಗೊತ್ತಿರುತ್ತದೆ" ಅಂತ ಕೆಲವರು ಉತ್ತರ ಕೊಟ್ಟಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸಂಖ್ಯೆಯಿಂದ ಯಾವ ತೂತನ್ನು ಬೇಕಾದರೂ ಮುಚ್ಚಬಹುದು, ಆಮೇಲೆ ಚರ್ಚೆಗೆ ಏನೂ ಉಳಿಯುವುದಿಲ್ಲ.

ಥಾನೋಸ್ ಸಾಕಿದ ಮಗಳು ಗಮೋರಾ ವಿಷಯಕ್ಕೆ ಎರಡು ಸಿನಿಮಾ ಪಕ್ಕಪಕ್ಕ ಇಟ್ಟು ನೋಡಿ. ಅರ್ಧ ಜನರನ್ನು ಕೊಂದ ಮೇಲೆ ನಿನ್ನ ಗ್ರಹದ ಮಕ್ಕಳು ಈಗ ಹೊಟ್ಟೆ ತುಂಬಾ ಉಣ್ಣುತ್ತಿದ್ದಾರೆ ಅಂತ ಥಾನೋಸ್ ಹೇಳುತ್ತಾನೆ. 2014ರ 'ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ' ಸಿನಿಮಾದಲ್ಲಿ ಅವಳನ್ನು ಹಿಡಿದಾಗ ಪರದೆಯ ಮೇಲೆ ಬರುವ ದಾಖಲೆಯಲ್ಲಿ ತನ್ನ ಕುಲದಲ್ಲಿ ಉಳಿದವಳು ಅವಳೊಬ್ಬಳೇ ಅಂತಿದೆ. ಕಥೆಗಾರರು ಮರೆತರೋ, ಥಾನೋಸ್ ಸುಳ್ಳು ಹೇಳಿದನೋ? ನಿಡವೆಲ್ಲಿರ್ ನೋಡಿದ ಮೇಲೆ ಸುಳ್ಳು ಅನ್ನುವ ಕಡೆಗೇ ನಾನು ವಾಲುತ್ತೇನೆ, ಆದರೆ ಇದು ರೆಟ್ಕಾನ್ (ಹಳೇ ಕಥೆಯನ್ನು ಆಮೇಲೆ ಬದಲಿಸುವುದು) ಅಂದರೂ ಜಗಳಕ್ಕೆ ಬರುವುದಿಲ್ಲ.

ಪರದೆಯ ಮೇಲೆ ಬರುವ ಇಂಥ ಅಕ್ಷರ ಓದಲು ಫೋನ್ ಆಗದು. ಡಿಸ್ಕ್ ಇದ್ದವರು ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಹಾಕಿ, 'ಇ' ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಬೇರೆ ಪ್ಲೇಯರ್‌ಗಳನ್ನೂ ಬಳಸಿದ್ದೇನೆ, ಈ ಕೆಲಸಕ್ಕೆ ವಿಎಲ್‌ಸಿ ಮುಂದೆ ಯಾವುದೂ ಇಲ್ಲ. ಡಬ್ ನೋಡುವುದರಲ್ಲಿ ತಪ್ಪೇನೂ ಇಲ್ಲ, ತೆಲುಗು 'ಇನ್ಫಿನಿಟಿ ವಾರ್'ನಲ್ಲಿ ಥಾನೋಸ್‌ಗೆ ರಾಣಾ ದಗ್ಗುಬಾಟಿ ಕೊಟ್ಟ ಧ್ವನಿ ನನಗೆ ತುಂಬಾ ಇಷ್ಟ. ಆದರೆ ಒಂದು ಪದದ ಮೇಲೆ ವಾದ ಕಟ್ಟುವ ಮೊದಲು ಇಂಗ್ಲಿಷ್ ಟ್ರ್ಯಾಕ್ ಒಮ್ಮೆ ಕೇಳಲೇಬೇಕು.

ಸ್ವಂತ ಕಥೆ ಬರೆಯುತ್ತಿರುವ ಇಬ್ಬರು ಈ ಥ್ರೆಡ್‌ನಲ್ಲಿದ್ದೀರಿ. ನೀವು ಥಾನೋಸ್ ಬಿಟ್ಟು 2021ರ ಮಲಯಾಳಂ ಸಿನಿಮಾ 'ಮಿನ್ನಲ್ ಮುರಳಿ'ಯ ವಿಲನ್ ಶಿಬುಗೆ ಇದೇ ಹಾಳೆ ಮಾಡಿ, ಕನ್ನಡ ಡಬ್ ಕೂಡ ಇದೆ. ಒಂದೇ ರಾತ್ರಿ ನಾಯಕನಿಗೂ ಶಿಬುಗೂ ಸಿಡಿಲು ಬಡಿದು ಶಕ್ತಿ ಬರುತ್ತದೆ. ಶಿಬುಗೆ ಬೇಕಿರುವುದು ತಾನು ಪ್ರೀತಿಸುವ ಉಷಾ, ಮತ್ತೆ ಊರಿನವರಿಂದ ಸ್ವಲ್ಪ ಮರ್ಯಾದೆ. ಎಡಗಡೆ ಏನಿದೆಯೋ ಬಲಗಡೆಯೂ ಅದೇ ಸಿಗುತ್ತದೆ, ಕೊನೆಯವರೆಗೂ. ಆ ಪಾತ್ರ ಮಾಡಿದ ಗುರು ಸೋಮಸುಂದರಂ ಮುಖದಲ್ಲೇ ಅದು ಕಾಣುತ್ತದೆ.

ಉಳಿದ 9 ಪಾಯಿಂಟ್‌ಗಳಿಗೆ ನಿಮಿಷ ಹಾಕಿ ಇಲ್ಲೇ ಮತ್ತೆ ಪೋಸ್ಟ್ ಮಾಡಿ. ಕುಳಿತು ಒಂದೊಂದಾಗಿ ನೋಡೋಣ. 7ನೆಯದಕ್ಕೆ ಮೊದಲು ವೋರ್ಮಿರ್ ದೃಶ್ಯವನ್ನು (ಒಂದು ಕಲ್ಲಿಗಾಗಿ ಥಾನೋಸ್ ಗಮೋರಾಳನ್ನು ಬಲಿ ಕೊಡುವುದು) ಶಬ್ದ ತೆಗೆದು ಒಮ್ಮೆ ನೋಡಿ. ಥಾನೋಸ್ ಅಳಲು ಶುರು ಮಾಡುವುದು ಗಮೋರಾಳನ್ನು ಎಳೆಯುವ ಮೊದಲೇ.